ಮೀನಿನ ಲಾರಿಯಲ್ಲಿ ಬಂದ ಜೋಳ

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಮಣಿಪಾಲದಲ್ಲಿ ಗಂಜಿ ಬೇಯಿಸುತ್ತಿದ್ದೆ. ನಮ್ಮ ಚರ್ಚಿನ ಸಭೆಯವರು ಆಗ ‘ನಗರ ಸೇವೆ’ ಎಂಬ ಹೊಸ ಯೋಜನೆಯೊಂದನ್ನು ಆರಂಭಿಸಿದ್ದರು. ಸಭೆಯ ಯುವಜನರು ಮನೆ ಬಿಟ್ಟು ಬಂದು, ಪೇಟೆಯಲ್ಲಿ ಕಷ್ಟದಲ್ಲಿರುವವರ ನಡುವೆ ಇದ್ದುಕೊಂಡು ಕ್ರಿಸ್ತನ ಹೆಸರಿನಲ್ಲಿ ಏನಾದರೂ ಕೆಲಸ ಮಾಡಬೇಕು ಎನ್ನುವುದು ಯೋಜನೆ. ಹೆಸರಿಟ್ಟವರು ಬಹುಶಃ ಮುಂಬಯಿ, ಮದರಾಸುಗಳನ್ನು ನೋಡಿ ಬಂದವರಿರಬೇಕು. ನಮ್ಮ ಪಾಲಿಗೆ ಬಂದ ನಗರವೋ ಒಂದು ಗುಡ್ಡ. ಅದರ ಮೇಲೆ ಆಸ್ಪತ್ರೆ, ಕಾಲೇಜು, ಹಾಸ್ಟೆಲ್ಲುಗಳು, ಉಳಿದಲ್ಲೆಲ್ಲ ಕೆಂಪು ಮುರಕಲ್ಲು. ನಗರಕ್ಕೆ ಹೋಗುತ್ತೇನೆಂದು ನಾನು ಕಾರ್ಕಳದಲ್ಲಿ ಹೊಸ ಚಪ್ಪಲಿ ಕೊಂಡುಕೊಂಡಿದ್ದೆ. ಮೊದಲ ವಾರದಲ್ಲೇ ಕಲ್ಲಿಗೆ ತಾಗಿ ಅದರ ಬಾರು ಕಿತ್ತುಹೋಯಿತು.

ನಾವಿದ್ದದ್ದು ಮೂವರು. ನಮ್ಮಲ್ಲಿ ಹಿರಿಯರು ನಿವೃತ್ತ ನರ್ಸು. ಮದುವೆಯಾಗದೆ, ಊರ ಹೆಂಗಸರಿಗೆಲ್ಲ ಹೆರಿಗೆ ಮಾಡಿಸಿ, ಕೊನೆಗೆ ಮಣಿಪಾಲದ ಇಳಿಜಾರಿನಲ್ಲಿ ಒಂದು ಸಣ್ಣ ಮನೆ ಕಟ್ಟಿಕೊಂಡಿದ್ದವರು. ಅವರನ್ನು ನಾವು ದೊಡ್ಡಮ್ಮ ಎಂದು ಕರೆಯುತ್ತಿದ್ದೆವು. ಅವರ ಮನೆಯೇ ನಮ್ಮ ಬಿಡಾರ, ಅದರ ಹಿಂದೆ ತಗಡಿನ ಮಾಡು ಹೊದಿಸಿದ ಚಪ್ಪರವೇ ನಮ್ಮ ಗಂಜಿಮನೆ. ಇನ್ನೊಬ್ಬ ಕಾಪುವಿನ ಯುವಕ, ಬಡಗಿ ಕೆಲಸ ಗೊತ್ತಿದ್ದವನು. ದೀಪಸ್ತಂಭದ ಊರಿನವನು ದೀಪಸ್ತಂಭದಷ್ಟೇ ಎತ್ತರವಿದ್ದ. ಬಾಗಿಲಲ್ಲಿ ತಲೆ ತಗ್ಗಿಸುವುದನ್ನು ಮಾತ್ರ ಕೊನೆಯವರೆಗೂ ಕಲಿಯಲಿಲ್ಲ. ಪಕ್ಕದ ಕೊಟ್ಟಿಗೆಯಲ್ಲಿ ಮಲಗುತ್ತಿದ್ದ, ಬೆಳಿಗ್ಗೆ ಎದ್ದು ಕೀರ್ತನೆ ಹಾಡುತ್ತ ಕಟ್ಟಿಗೆ ಒಡೆಯುತ್ತಿದ್ದ.

ಮೂರನೆಯವಳು ನಾನು. ಬಿ.ಎ. ಮುಗಿಸಿ ಕಾರ್ಕಳದಲ್ಲಿ ಅಣ್ಣನ ಮನೆಯಲ್ಲಿದ್ದೆ. ಅಪ್ಪ ಅಮ್ಮ ಇಬ್ಬರೂ ತೀರಿಹೋಗಿದ್ದರು. ಅಣ್ಣ ಒಳ್ಳೆಯವನು, ಅತ್ತಿಗೆಯೂ ಕೆಟ್ಟವಳಲ್ಲ. ಆದರೆ ಬಂದ ನೆಂಟರೆಲ್ಲ ನನ್ನೆದುರೇ, ನಾನು ಅಲ್ಲಿ ಇಲ್ಲವೇನೋ ಎಂಬಂತೆ, “ಇವಳಿಗೆ ಒಂದು ದಾರಿ ಆಗಬೇಕಲ್ಲ” ಎನ್ನುತ್ತಿದ್ದರು. ಅಣ್ಣ ತಲೆ ಆಡಿಸುತ್ತಿದ್ದ. ನಾನು ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಹೆಚ್ಚೇನೂ ಒಳಗೆ ಹೋಗಿಲ್ಲ.

ಮಣಿಪಾಲಕ್ಕೆ ಬಂದ ದಿನ ಬಸ್ಸು ತಡವಾಗಿತ್ತು. ಚೀಲ ಹಿಡಿದು ಒಳಗೆ ಕಾಲಿಟ್ಟರೆ ದೊಡ್ಡಮ್ಮನೂ ಕಾಪುವಿನವನೂ ಮೂರು ಲೋಟ ಇಟ್ಟುಕೊಂಡು ಸುಮ್ಮನೆ ಕೂತಿದ್ದರು.

“ಬಂದಿಯಾ? ನೀನು ಬಂದ ಮೇಲೆಯೇ ಕುಡಿಯುವ ಅಂತ ಕೂತದ್ದು. ಚಾ ತಣಿದಿರಬೇಕು, ಇನ್ನೊಮ್ಮೆ ಬಿಸಿ ಮಾಡು” ಎಂದರು ದೊಡ್ಡಮ್ಮ.

ನನಗಾಗಿ ಯಾರಾದರೂ ಚಾ ಕುಡಿಯದೆ ಕಾದದ್ದು ಅಮ್ಮ ಹೋದ ಮೇಲೆ ಅದೇ ಮೊದಲು. ಒಲೆಯ ಕಡೆ ಮುಖ ತಿರುಗಿಸಿ ಸ್ವಲ್ಪ ಅತ್ತೆ. ಆಮೇಲೆ ಚಾ ಉಕ್ಕಿಸಿ ಬೈಸಿಕೊಂಡೆ.

ನಮ್ಮ ಕೆಲಸ ಸರಳವಾಗಿತ್ತು. ಆಸ್ಪತ್ರೆಗೆ ಘಟ್ಟದ ಮೇಲಿನಿಂದ, ಗದಗ, ಬಾಗಲಕೋಟೆ, ಹಾವೇರಿ ಕಡೆಯಿಂದ ರೋಗಿಗಳು ಬರುತ್ತಿದ್ದರು. ರೋಗಿಗೆ ಒಳಗೆ ಹಾಸಿಗೆ ಸಿಗುತ್ತಿತ್ತು, ಜೊತೆಗೆ ಬಂದವರು ರಸ್ತೆಯಾಚೆ ಗೇರುಮರಗಳ ಕೆಳಗೆ ಗಂಟುಮೂಟೆ ಇಟ್ಟುಕೊಂಡು ವಾರಗಟ್ಟಲೆ ಇರುತ್ತಿದ್ದರು. ಅವರಿಗೆ ಮಧ್ಯಾಹ್ನ ಬಿಸಿ ಊಟ ಕೊಡುವುದು. ಏನು ಕೊಡುವುದು ಎಂಬ ಪ್ರಶ್ನೆಯೇ ನಮಗೆ ಹುಟ್ಟಲಿಲ್ಲ. ಕರಾವಳಿಯವರಿಗೆ ಗಂಜಿಗಿಂತ ಹಿತವಾದದ್ದು ಯಾವುದುಂಟು? ಕುಚ್ಚಲಕ್ಕಿಯ ಗಂಜಿ, ತೆಂಗಿನಕಾಯಿ ಚಟ್ನಿ, ಮಾವಿನ ಮಿಡಿ ಉಪ್ಪಿನಕಾಯಿ. ಬಂದವರಲ್ಲಿ ಸಸ್ಯಾಹಾರಿಗಳೇ ಹೆಚ್ಚು ಎಂದು ತಿಳಿದು ಗಂಜಿಮನೆಯ ಹತ್ತಿರಕ್ಕೂ ಒಣಮೀನು ಬರಬಾರದೆಂದು ದೊಡ್ಡಮ್ಮ ಕಟ್ಟಪ್ಪಣೆ ಮಾಡಿದ್ದರು. ಕಾಪುವಿನವನು ಅದಕ್ಕಾಗಿ ಒಂದು ದಿನ ಮುಖ ಊದಿಸಿಕೊಂಡಿದ್ದ.

ಮೊದಲ ದಿನ ಜನ ಬಂದರು. ತಟ್ಟೆ ತೆಗೆದುಕೊಂಡರು, ಅನ್ನದ ಅಗುಳನ್ನು ನೋಡಿದರು, ನಮ್ಮ ಮುಖ ನೋಡಿದರು. ಮರುದಿನ ಅರ್ಧಕ್ಕರ್ಧ ಕಡಿಮೆಯಾದರು. ವಾರ ಕಳೆಯುವಷ್ಟರಲ್ಲಿ ಕಾಸರಗೋಡಿನ ಕಡೆಯ ಒಬ್ಬ ಅಜ್ಜಿ, ಅವರ ಪಕ್ಕದವರು ನಾಲ್ಕು ಮಂದಿ, ಇಷ್ಟೇ. ನಾನು ಉಪ್ಪು ಹೆಚ್ಚು ಹಾಕಿ ನೋಡಿದೆ, ಕಡಿಮೆ ಹಾಕಿ ನೋಡಿದೆ. ಹಂಡೆಯ ಗಂಜಿ ಹಂಡೆಯಲ್ಲೇ ಉಳಿಯುತ್ತಿತ್ತು. ಸಂಜೆ ನಾವು ಮೂವರೂ ಅದನ್ನೇ ಉಣ್ಣುತ್ತಿದ್ದೆವು. ಕ್ರೈಸ್ತರಾದ ನಮ್ಮ ಕೈಯ ಅಡುಗೆ ಉಣ್ಣಲು ಕೆಲವರಿಗೆ ಹಿಂಜರಿಕೆ ಇದ್ದಿರಬಹುದು ಎಂದೂ ನನಗನಿಸಿತು. ಆದರೆ ಯಾರೂ ಹಾಗೆ ಬಾಯಿಬಿಟ್ಟು ಹೇಳಲಿಲ್ಲ, ಮರದ ಕೆಳಗಿನಿಂದ ನಮ್ಮನ್ನು ಕಂಡರೆ ನಗುನಗುತ್ತಲೇ ಕೈಮುಗಿಯುತ್ತಿದ್ದರು. ಅದು ನನ್ನನ್ನು ಇನ್ನಷ್ಟು ರೇಗಿಸುತ್ತಿತ್ತು.

ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಉಡುಪಿಯಿಂದ ನಮ್ಮ ಸಭೆಯ ಪಾದ್ರಿ ಅಯ್ಯನವರು ಬಂದರು. ಗಂಜಿಯ ಹಂಡೆಯೊಳಗೆ ಇಣುಕಿ ನೋಡಿ ನಿಟ್ಟುಸಿರು ಬಿಟ್ಟರು.

“ಈಸ್ಟರ್ ಆದ ಮೇಲಿನ ಶನಿವಾರ ಸಮಿತಿಯವರು ಬರ್ತಾರೆ. ಜನವೇ ಬರುವುದಿಲ್ಲ ಅಂತಾದರೆ ಯಾರಿಗೆ ಸೇವೆ ಅಂತ ಕೇಳ್ತಾರೆ. ನಾನು ಎಂತ ಹೇಳಲಿ? ಮುಚ್ಚುವುದು ಒಳ್ಳೆಯದು ಅಂತ ಕೆಲವರು ಈಗಾಗಲೇ ಹೇಳ್ತಾ ಇದ್ದಾರೆ” ಎಂದರು. ನನ್ನ ಕಡೆ ತಿರುಗಿ, “ನಿನ್ನ ಅಣ್ಣನಿಗೂ ಹೇಳಿ ಕಳಿಸ್ತೇನೆ. ಆ ದಿನ ಅವನು ಬಂದರೆ ನೀನು ಸಾಮಾನು ಹಿಡಿದುಕೊಂಡು ಒಬ್ಬಳೇ ಹೋಗುವುದು ಬೇಡ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಮುಚ್ಚಿದರೆ ದೊಡ್ಡಮ್ಮನಿಗೆ ಅವರ ಮನೆ ಇತ್ತು. ಕಾಪುವಿನವನಿಗೆ ಅಪ್ಪನ ಕೊಟ್ಟಿಗೆ, ಉಳಿ, ಕೀಸುಳಿ ಇತ್ತು. ನಾನು ಮತ್ತೆ ಕಾರ್ಕಳಕ್ಕೆ ಹೋಗಿ, ನೆಂಟರು ನನಗೆ ದಾರಿ ಹುಡುಕುವುದನ್ನು ಕೇಳುತ್ತ ಕೂರಬೇಕು. ಈ ಸೋರುವ ತಗಡಿನ ಮಾಡು, ಹೊಗೆ, ಬಾಗಿಲಿಗೆ ತಲೆ ಹೊಡೆದುಕೊಳ್ಳುವವನು, ಬೈದುಕೊಂಡೇ ನನ್ನ ಜಡೆ ಹೆಣೆಯುವ ದೊಡ್ಡಮ್ಮ, ಇವರನ್ನು ಬಿಟ್ಟು ಹೋಗಲು ನನಗೆ ಮನಸ್ಸಿರಲಿಲ್ಲ.

ಮರುದಿನ ಮಧ್ಯಾಹ್ನ ಆ ಅಜ್ಜಿಯನ್ನು ಬಿಟ್ಟು ಇನ್ನೊಬ್ಬರೂ ಬಾರದೆ ಇದ್ದಾಗ ನಾನು ಚಿಕ್ಕ ಪಾತ್ರೆಯೊಂದಕ್ಕೆ ಗಂಜಿ ತುಂಬಿಕೊಂಡು, ಸೌಟು ಹಿಡಿದು, ಗೇರುಮರಗಳ ಕಡೆಗೆ ನಡೆದೆ. ಅಲ್ಲಿ ಗದಗದ ಕಡೆಯ ಹೆಂಗಸೊಬ್ಬಳು ಮೂರು ಕಲ್ಲಿನ ಒಲೆಯ ಮುಂದೆ ಕೂತಿದ್ದಳು. ಗಟ್ಟಿ ಮೈಕಟ್ಟು, ಹಣೆಯಲ್ಲಿ ವಿಭೂತಿ, ಆಸ್ಪತ್ರೆಯ ಗೋಡೆ ದಾಟಿ ಕೇಳುವ ಕಂಠ. ಹೊಟ್ಟು ತುಂಬಿದ ಎತ್ತಿನ ಚಕ್ಕಡಿಯಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡ ಅವಳ ಗಂಡ ಒಳಗೆ ಮಲಗಿದ್ದ. ಆ ಮರದ ಕೆಳಗಿನ ಜನಕ್ಕೆಲ್ಲ ಅವಳೇ ಯಜಮಾನಿ ಎಂದು ನನಗೆ ಗೊತ್ತಿತ್ತು.

“ನೀವೆಲ್ಲ ಯಾಕೆ ಬರುವುದಿಲ್ಲ? ಗಂಜಿಗೆ ನಾವು ವಿಷ ಹಾಕಿದ್ದೇವಾ?” ಎಂದು ನಾನು ನಿಂತಲ್ಲಿಂದಲೇ ಕೇಳಿದೆ.

ಅವಳು ಬೆಚ್ಚಿ, ಆಮೇಲೆ ನಕ್ಕಳು. “ಏ ಯವ್ವಾ, ಹಂಗ್ಯಾಕ ಅಂತೀರಿ? ಗಂಜಿ ಜಡ್ಡಿನವರಿಗೆ ಕುಡಿಸೂದಲ್ಲೇನ್ರಿ? ಜಡ್ಡಾಗಿದ್ದು ನಮ್ಮ ಮನಿಯವರಿಗೆ. ನಮಗೇನಾಗೈತಿ? ಇಲ್ಲಿ ಕುಂತು ನಾವೂ ಗಂಜಿ ಕುಡಿದ್ರ, ಇವರನ್ನ ಎತ್ತಿ ಕೂಡ್ರಸವರು ಯಾರು?”

ನಮ್ಮ ಪರಮಾನ್ನ ಅವರ ಊರಲ್ಲಿ ಕಾಯಿಲೆಯವರ ಪಥ್ಯ. ನಾವು ದಿನಾ ಮಧ್ಯಾಹ್ನ ಆರೋಗ್ಯವಂತರನ್ನು ಕರೆದು ಕೂರಿಸಿ, ನಿಮಗೂ ಕಾಯಿಲೆ ಎಂದು ಹೇಳಿ ಕಳಿಸುತ್ತಿದ್ದೆವು. ಅವಳು ನನ್ನ ಕೈಯಿಂದ ಸೌಟು ತೆಗೆದು ಪಕ್ಕಕ್ಕಿಟ್ಟು, ಅರ್ಧ ಜೋಳದ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಾಕಿ ಕೊಟ್ಟಳು. ಊರಿಂದ ಕಟ್ಟಿಕೊಂಡು ಬಂದ, ಒಣಗಿ ಗರಿಗರಿಯಾದ ಕಟಕ ರೊಟ್ಟಿ. ಕಚ್ಚಿದ ಸದ್ದಿಗೆ ಮರದ ಮೇಲಿನ ಕಾಗೆ ಹಾರಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ರೊಟ್ಟಿಯ ಗಂಟು ತಳ ಮುಟ್ಟಿದೆ, ಜೋಳದ ಹಿಟ್ಟೂ ಮುಗಿಯುತ್ತ ಬಂತು, ಈ ಊರಿನ ಅಂಗಡಿಗಳಲ್ಲಿ ಜೋಳವೆಂದರೆ ಮುಖ ನೋಡುತ್ತಾರೆ ಎಂದು ಅವಳೇ ಹೇಳಿದಳು.

ಮನೆಗೆ ಬಂದು ಹೇಳಿದಾಗ ದೊಡ್ಡಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಜೀವಮಾನ ಇಡೀ ಪೇಶಂಟುಗಳಿಗೆ ಗಂಜಿ ಕುಡಿಸಿದವಳು ನಾನು. ನನಗೆ ಹೊಳೆಯಲಿಲ್ಲ ಅಲ್ವಾ!” ಎಂದು ಸೆರಗಿನಿಂದ ಕಣ್ಣೊರಸಿಕೊಂಡರು. ಆಮೇಲೆ ಎದ್ದು ಕೊಡೆ ಹಿಡಿದರು. “ನಡಿ, ಮಲ್ಪೆಗೆ ಹೋಗುವ.”

ಮಲ್ಪೆಯ ಬಂದರಿನಲ್ಲಿ ಹೂಡೆ ಎಂಬ ಊರಿನ ಒಬ್ಬ ಬ್ಯಾರಿ ಮುಸ್ಲಿಂ ಸಾಹುಕಾರರಿದ್ದರು. ಅವರ ಲಾರಿಗಳು ಮಂಜುಗಡ್ಡೆ ಹಾಕಿದ ಮೀನು ತುಂಬಿಕೊಂಡು ಹುಬ್ಬಳ್ಳಿಗೆ ಹೋಗುತ್ತಿದ್ದವು. ಅವರ ಮಕ್ಕಳೆಲ್ಲ ದೊಡ್ಡಮ್ಮನ ಕೈಯಲ್ಲೇ ಹುಟ್ಟಿದ್ದು. ಏಲಂ ನಡೆಯುತ್ತಿದ್ದ ಗದ್ದಲದಲ್ಲಿ, ಮೀನಿನ ರಾಶಿಯ ನಡುವೆ ಸೀರೆ ಎತ್ತಿ ಹಿಡಿದು ಬರುತ್ತಿದ್ದ ದೊಡ್ಡಮ್ಮನನ್ನು ಕಂಡು ಅವರೇ ಓಡಿ ಬಂದರು.

“ಎಂತ ಸಿಸ್ಟರಮ್ಮ, ಇಲ್ಲಿವರೆಗೆ? ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆ.”

ವಿಷಯ ಹೇಳಿದೆವು. “ಅಷ್ಟೇಯಾ! ಹುಬ್ಬಳ್ಳಿಯಿಂದ ಲಾರಿ ಬರುವಾಗ ಖಾಲಿಯೇ ಅಲ್ವಾ ಬರುವುದು. ಜೋಳ ಹಾಕಿಕೊಂಡು ಬರ್ಲಿಕ್ಕೆ ಹೇಳ್ತೇನೆ. ಅದು ನನ್ನ ಪಾಲು, ಮಾತಾಡ್ಬೇಡಿ” ಎಂದರು. ದೊಡ್ಡಮ್ಮ ಅಲ್ಲೇ, ಮಂಜುಗಡ್ಡೆಯ ಪುಡಿಯ ಮೇಲೆ ನಿಂತು, ದೇವರಿಗೆ ಸ್ತೋತ್ರ ಹೇಳಿದರು. ಸಾಹುಕಾರರೂ ಟೊಪ್ಪಿ ಸರಿಮಾಡಿಕೊಂಡು ನಿಂತರು.

ಈಸ್ಟರ್ ಕಳೆದ ಮಂಗಳವಾರ ಬೆಳಿಗ್ಗೆ ಲಾರಿ ನಮ್ಮ ಮನೆಯೆದುರು ನಿಂತಿತು. ಕಾಪುವಿನವನು ಗೋಣಿಗಳನ್ನು ಹೆಗಲ ಮೇಲೆ ಹೊತ್ತು ಇಳಿಸಿದ. ನಾನು ಒಂದು ಬೊಗಸೆ ಜೋಳ ತೆಗೆದು ನೋಡಿದೆ. ಬಿಳಿ, ದುಂಡು, ಮುತ್ತಿನಂಥ ಕಾಳು. ನಾನೇ ಓಡಿಹೋಗಿ ಗದಗದವಳನ್ನೂ ಅವಳ ಸಂಗಡಿಗರನ್ನೂ ಕರೆದು ತಂದೆ. ಆಕೆ ಸಂಭ್ರಮದಿಂದ ಗೋಣಿಯ ಬಾಯಿ ಬಿಚ್ಚಿ ಬಗ್ಗಿದಳು. ಬಗ್ಗಿದವಳು ಹಾಗೇ ಹಿಂದಕ್ಕೆ ಜಿಗಿದು ಮೂಗಿಗೆ ಸೆರಗು ಒತ್ತಿಕೊಂಡಳು.

“ಅಯ್ಯಯ್ಯ, ಶಿವನ! ಏನ್ ನಾತರೀ ಇದು!”

ನಾನು ಮೂಸಿದೆ. ಏನೂ ಇಲ್ಲ. ಕಾಪುವಿನವನು ಗೋಣಿಯೊಳಗೆ ತಲೆಯನ್ನೇ ತೂರಿಸಿ ಮೂಸಿದ. “ಎಂತ ವಾಸನೆಯೂ ಇಲ್ಲ ಮಾರಾಯ್ತಿ” ಎಂದ. ದೊಡ್ಡಮ್ಮನೂ ಮೂಸಿ ಭುಜ ಕುಣಿಸಿದರು. ಲಾರಿಯ ಚಾಲಕನನ್ನು ಕೇಳಿದರೆ, ಲಾರಿಯನ್ನು ತೊಳೆದೇ ಜೋಳ ಹಾಕಿದ್ದು ಎಂದು ಆಣೆ ಹಾಕಿದ. ಇತ್ತ ಮರದ ಕೆಳಗಿನವರೆಲ್ಲ ಒಬ್ಬೊಬ್ಬರಾಗಿ ಬಂದು, ಬಗ್ಗಿ, ಮೂಗು ಮುಚ್ಚಿಕೊಂಡು ಹಿಂದೆ ಸರಿಯುತ್ತಿದ್ದರು. ಒಣಮೀನು ಹತ್ತಿರ ಬರದಂತೆ ಅಷ್ಟು ಕಾದ ನಾವು ಜೋಳವನ್ನು ಮೀನಿನ ಲಾರಿಯಲ್ಲಿ ತರಿಸಿದ್ದೆವು, ಮತ್ತು ಆ ಯೋಚನೆ ನಮ್ಮಲ್ಲಿ ಒಬ್ಬರಿಗೂ ಬಂದಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. “ಘಟ್ಟ ಇಳಿಸಿ ತರಿಸಿದ್ದೇವೆ, ಈಗ ಮೂಗು ಮುಚ್ಚಿಕೊಳ್ತೀರಾ? ನಮಗಾರಿಗೂ ಬಾರದ ವಾಸನೆ ನಿಮಗೆ ಮಾತ್ರ ಎಲ್ಲಿಂದ ಬಂತು?” ಎಂದು ಕೂಗಾಡಿದೆ. ಶನಿವಾರ ಸಮಿತಿ ಬರುತ್ತದೆ, ಮುಚ್ಚುತ್ತಾರೆ, ನಾನು ಕಾರ್ಕಳಕ್ಕೆ ಹೋಗಬೇಕು, ಅಲ್ಲಿ ನನಗೆ ಯಾರೂ ಇಲ್ಲ ಎಂದೆಲ್ಲ ಬಡಬಡಿಸಿ ಗೋಣಿಯ ಮೇಲೆ ಕೂತು ಅತ್ತುಬಿಟ್ಟೆ.

ಅವಳು ಮೂಗಿನಿಂದ ಸೆರಗು ತೆಗೆದಳು. ಬಂದು ನನ್ನ ಪಕ್ಕದಲ್ಲೇ, ಅದೇ ಗೋಣಿಯ ಮೇಲೆ ಕೂತಳು. “ನಿಮ್ಮ ಮೂಗು ಸಮುದ್ರದಾಗ ಹುಟ್ಟೈತಿ, ನೀವೇನ್ ಮಾಡ್ತೀರಿ ಪಾಪ” ಎಂದು ನನ್ನ ಬೆನ್ನು ಸವರಿದಳು. “ಅಳಬ್ಯಾಡ. ಜೋಳ ಚಲೋ ಅದಾವು. ತೊಳದ್ರ ಆತು, ಬಿಸಿಲಿಗೆ ಹಾಕಿದ್ರ ಆತು. ಮುಚ್ಚತಾರಂತ? ಯಾರು ಮುಚ್ಚತಾರ ನೋಡೂಣು.” ಎದ್ದು ನಿಂತು ಮರಗಳ ಕಡೆಗೆ ಕೂಗಿದಳು. “ಏ, ಎಲ್ಲಾರೂ ಬರ್ರಿ! ಗಂಡಸರು ನೀರು ಸೇದ್ರಿ!”

ಆಮೇಲೆ ನಡೆದದ್ದು ಒಂದು ದೊಡ್ಡ ಗದ್ದಲ. ಬಾವಿಯಿಂದ ನೀರು ಸೇದಿ ಸೇದಿ ರಾಟೆ ಕಿರುಗುಟ್ಟಿತು. ಜೋಳವನ್ನು ತೊಳೆದು, ಬಸಿದು, ಮತ್ತೆ ತೊಳೆದರು. ಒಣಗಿಸಲು ಬೇಕೆಂದು ಸಾಹುಕಾರರು ದೊಡ್ಡ ಟಾರ್ಪಾಲು ಕಳಿಸಿಕೊಟ್ಟರು. ಗದಗದವಳು ಅದನ್ನು ಮೂಸಿ ನೋಡಿ, ಒಂದು ಮಾತೂ ಆಡದೆ ಮಡಚಿ ಗೇಟಿನ ಹೊರಗಿಟ್ಟಳು. ಕೊನೆಗೆ ದೊಡ್ಡಮ್ಮ ಪೆಟ್ಟಿಗೆ ತೆರೆದು, ನರ್ಸಾಗಿದ್ದ ಕಾಲದಿಂದ ಜೋಪಾನವಾಗಿಟ್ಟಿದ್ದ ಗಂಜಿ ಹಾಕಿದ ಬಿಳಿ ಹಾಸುಬಟ್ಟೆಗಳನ್ನು ತಂದು ಅಂಗಳದಲ್ಲಿ ಹಾಸಿದರು. ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ ಅವನ್ನು. ಗಂಟೆಗೊಮ್ಮೆ ಗದಗದವಳು ಬಂದು ಕಾಳು ಮೂಸುವಳು, “ಇನ್ನೂ ಐತಿ” ಎನ್ನುವಳು, ಮತ್ತೆ ತೊಳೆಸುವಳು. ಗುರುವಾರ ಸಂಜೆ ಒಂದು ಹಿಡಿ ಮೂಸಿ, “ಹೋತು” ಎಂದಳು. ಅಂಗಳದಲ್ಲಿದ್ದವರೆಲ್ಲ ಹೋ ಎಂದು ಕೂಗಿದರು. ಹಿಟ್ಟಿನ ಗಿರಣಿಯವನು ಮಾತ್ರ ಕಾಳು ನೋಡಿ, “ಇದೆಂತ, ಹಕ್ಕಿಗೆ ಹಾಕ್ಲಿಕ್ಕಾ?” ಎಂದು ಕೇಳಿದ.

ಶನಿವಾರ ಸಮಿತಿಯವರು ಬಂದಾಗ ಗಂಜಿಮನೆಯಲ್ಲಿ ಗಂಜಿ ಇರಲಿಲ್ಲ. ಸಾಲು ಇರಲಿಲ್ಲ, ಬಡಿಸುವವರೂ ಇರಲಿಲ್ಲ. ಅಂಗಳದ ತುಂಬ ಮೂರು ಕಲ್ಲಿನ ಒಲೆಗಳು, ಹೆಂಗಸರು ಪಟಪಟ ರೊಟ್ಟಿ ಬಡಿಯುತ್ತಿದ್ದರು. ಕಾಪುವಿನವನು ಹಾವೇರಿಯ ಒಬ್ಬ ಮುದುಕರೊಂದಿಗೆ ಕೂತು ಬದನೆಕಾಯಿ ಹೆಚ್ಚುತ್ತಿದ್ದ. ಕಾಸರಗೋಡಿನ ಅಜ್ಜಿ ತನಗೆ ಗಂಜಿಯೇ ಬೇಕೆಂದು ಮೂಲೆಯಲ್ಲಿ ಬೇರೆ ಒಲೆ ಹೂಡಿದ್ದರು. ನಾನು ಬಡಿದ ಮೊದಲ ರೊಟ್ಟಿ ಹರಿದುಹೋಗಿ, ಎರಡನೆಯದು ಒಲೆಗೆ ಬಿದ್ದು, ಗದಗದವಳು ನನ್ನನ್ನು ರೊಟ್ಟಿಯ ಕೆಲಸದಿಂದ ತೆಗೆದುಹಾಕಿದ್ದಳು. ಉಳಿದ ಜೋಳಕ್ಕೆ ಕಾಗೆ ಬಾರದಂತೆ ಕೋಲು ಹಿಡಿದು ಕೂರುವುದು ನನ್ನ ಪಾಲಿಗೆ ಬಂದಿತ್ತು.

ಸಮಿತಿಯ ಅಧ್ಯಕ್ಷರು ನಿವೃತ್ತ ಹೆಡ್ಮಾಸ್ಟರು. ಅಂಗಳದ ಅಂಚಿನಲ್ಲಿ ನಿಂತು ಕನ್ನಡಕ ಒರೆಸಿಕೊಂಡರು. “ಇದರಲ್ಲಿ ಸೇವೆ ಮಾಡುವವರು ಯಾರು, ಮಾಡಿಸಿಕೊಳ್ಳುವವರು ಯಾರು?” ಎಂದು ದೊಡ್ಡಮ್ಮನನ್ನು ಕೇಳಿದರು.

“ಈಗ ಅದು ನನಗೂ ಸರಿಯಾಗಿ ಗೊತ್ತಾಗುವುದಿಲ್ಲ. ಮೊದಲು ಊಟಕ್ಕೆ ಕೂತ್ಕೊಳ್ಳಿ” ಎಂದರು ದೊಡ್ಡಮ್ಮ.

ಊಟಕ್ಕೆ ಮುಂಚೆ ಕಾಪುವಿನವನು ಕೀರ್ತನೆ ಎತ್ತಿದ. ಭಜನೆಯೆಂದುಕೊಂಡು ಹಾವೇರಿಯ ಮುದುಕರು ತಟ್ಟೆಯ ಮೇಲೆ ತಾಳ ಹಾಕಿದರು. ತಾಳ ಚೆನ್ನಾಗಿಯೇ ಕೂತಿತು, ಅಯ್ಯನವರೂ ತಲೆದೂಗಿದರು. ಅಧ್ಯಕ್ಷರು ಅಲುಗಾಡುವ ಹಲ್ಲುಗಳಿಗೆ ಹೆದರಿ ರೊಟ್ಟಿಯನ್ನು ಬದನೆಕಾಯಿ ರಸದಲ್ಲಿ ನೆನೆಸಿ ನೆನೆಸಿ ತಿಂದರು. ಇನ್ನೊಂದು ಕೇಳಿದರು. ಕೈ ತೊಳೆದು ಬಂದು, “ಮುಚ್ಚುವ ಮಾತು ಯಾರು ಎತ್ತಿದ್ದು?” ಎಂದು ತಮ್ಮ ಸಮಿತಿಯವರನ್ನೇ ಗದರಿಸಿದರು. ಎತ್ತಿದವರಲ್ಲಿ ಅವರೂ ಒಬ್ಬರೆಂದು ಅಯ್ಯನವರು ಆಮೇಲೆ ನಮಗೆ ಹೇಳಿದರು.

ಅಣ್ಣ ಬಂದದ್ದು ಇದೇ ಗಡಿಬಿಡಿಯ ನಡುವೆ. ಗೇಟಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ನನ್ನ ಸೀರೆಯೆಲ್ಲ ಹಿಟ್ಟು, ತಲೆಯ ಮೇಲೆ ಬಿಸಿಲಿಗೆ ಟವೆಲು, ಕೈಯಲ್ಲಿ ಕೋಲು.

“ಇದಕ್ಕಾ ನೀನು ಬಿ.ಎ. ಓದಿದ್ದು?” ಎಂದ.

ನಾನು ಉತ್ತರ ಕೊಡುವ ಮೊದಲೇ ಗದಗದವಳು ಒಲೆಯ ಮುಂದಿನಿಂದ, “ಯಾರವ್ವಾ ಇವರು?” ಎಂದು ಕೂಗಿದಳು.

“ನನ್ನ ಅಣ್ಣ. ನನ್ನನ್ನು ಕರಕೊಂಡು ಹೋಗ್ಲಿಕ್ಕೆ ಬಂದದ್ದು.”

ಅವಳು ಅಣ್ಣನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ಯಾಕ್ರಿ, ನಿಮ್ಮ ಮನ್ಯಾಗೂ ಕಾಗಿ ಭಾಳ ಅದಾವೇನು?”

ಅಂಗಳವೆಲ್ಲ ನಕ್ಕಿತು. ಕಾಪುವಿನವನು ನಗುತ್ತ ಎದ್ದು ಮಾಡಿಗೆ ತಲೆ ಹೊಡೆದುಕೊಂಡ. ನಾನು ಕೋಲು ಬಿಟ್ಟು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕೆ. ಅಣ್ಣ ನಗಲಿಲ್ಲ. ನನ್ನ ಮುಖವನ್ನು ಸುಮ್ಮನೆ ನೋಡುತ್ತ ನಿಂತ. ಯಾರೋ ಅವನಿಗೆ ತಟ್ಟೆ ಕೊಟ್ಟರು, ಯಾರೋ ಜಾಗ ಮಾಡಿದರು, ಕೂತು ಉಂಡ. ಆಮೇಲೆ ತಾನಾಗಿಯೇ ಅಂಗಿಯ ತೋಳು ಮಡಚಿ ನಾಲ್ಕು ಕೊಡ ನೀರು ಸೇದಿದ.

ಸಂಜೆಯ ಬಸ್ಸಿಗೆ ಅವನನ್ನು ಬಿಡಲು ನಾನು ರಸ್ತೆಯವರೆಗೆ ಹೋದೆ. ಮಕ್ಕಳಿಗೆಂದು ಗದಗದವಳು ಕಟ್ಟಿಕೊಟ್ಟ ರೊಟ್ಟಿಯ ಗಂಟು ಅವನ ಕೈಯಲ್ಲಿತ್ತು. ನನ್ನ ಸಾಮಾನನ್ನು ಕಟ್ಟಲು ಅವನೂ ಹೇಳಿರಲಿಲ್ಲ, ನಾನೂ ಕಟ್ಟಿರಲಿಲ್ಲ. ಯಾವಾಗ ಆ ಮಾತು ಎತ್ತುತ್ತಾನೋ ಎಂದು ನಾನು ಬಸ್ಸು ಬರುವ ದಾರಿಯನ್ನೇ ನೋಡುತ್ತಿದ್ದೆ.

ಬಸ್ಸು ತಿರುವಿನಲ್ಲಿ ಕಾಣಿಸಿದಾಗ ಅಣ್ಣ ನನ್ನ ಮುಖ ನೋಡದೆ ಹೇಳಿದ. “ಅಮ್ಮ ಹೋದ ಮೇಲೆ ನೀನು ಹಾಗೆ ನಕ್ಕದ್ದು ನಾನು ನೋಡಿರಲಿಲ್ಲ. ನಮ್ಮಲ್ಲಿ ನಿನಗೆ ಅಷ್ಟು ಕಷ್ಟ ಉಂಟು ಅಂತ ಹೇಳಬಹುದಿತ್ತಲ್ಲ.”

ನಾನು ಸೀರೆಯ ಹಿಟ್ಟು ಕೊಡವತೊಡಗಿದೆ.

“ಇರಲಿ. ಇನ್ನು ನಿನ್ನನ್ನು ಕರಕೊಂಡು ಹೋಗ್ಲಿಕ್ಕೆ ನಾನು ಬರುವುದಿಲ್ಲ” ಎಂದ. ಬಸ್ಸಿನ ಮೆಟ್ಟಿಲು ಹತ್ತಿ ಹಿಂತಿರುಗಿದ. “ನೋಡ್ಲಿಕ್ಕೆ ಬರ್ತೇನೆ.”